ಡೇರಿಗೆ ವೋಟು ಹಾಕ್ತೀವಿ, ಆಕಾಶವಾಣಿಗೆ ಯಾಕಿಲ್ಲ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಈಗ ನಾಲ್ಕು ಹಸು, ಒಂದಿಷ್ಟು ತೆಂಗು ನೋಡಿಕೊಂಡಿದ್ದೇನೆ. ಬೆಳಿಗ್ಗೆ ಹಾಲು ಕರೆಯುವಾಗ ಕೊಟ್ಟಿಗೆಯಲ್ಲಿ ರೇಡಿಯೋ ಇರಲೇಬೇಕು. ನಮಗೆ ಕೇಳಿಸುವ ಕೇಂದ್ರದವರು ಒಂದೇ ವರ್ಷದಲ್ಲಿ ರೈತರ ಕಾರ್ಯಕ್ರಮದ ಹೊತ್ತನ್ನು ಎರಡು ಸಲ ಬದಲಾಯಿಸಿದರು. ಈಗ ಆ ಹೊತ್ತಿಗೆ ಬೇರೆ ಎಲ್ಲಿಂದಲೋ ರಿಲೇ ಬರುತ್ತದೆ. ಮೂರು ಪತ್ರ ಬರೆದೆ, ಒಂದಕ್ಕೂ ಉತ್ತರ ಇಲ್ಲ. ನಮ್ಮೂರ ಹಾಲಿನ ಡೇರಿಗೆ ನಿರ್ದೇಶಕರನ್ನು ನಾವೇ ವೋಟು ಹಾಕಿ ಆರಿಸುತ್ತೇವೆ. ಡೇರಿಗೆ ಆಗುವುದು ಆಕಾಶವಾಣಿ, ದೂರದರ್ಶನಕ್ಕೆ ಯಾಕೆ ಆಗಬಾರದು? ನಮ್ಮ ತೆರಿಗೆ ದುಡ್ಡು ತಾನೇ? ಬ್ರಿಟನ್ನಿನಲ್ಲಿ ಜನ ಟಿವಿ ಲೈಸೆನ್ಸ್ ಶುಲ್ಕ ಕಟ್ಟುವುದರಿಂದ ಬಿಬಿಸಿ ಅವರ ಮಾತು ಕೇಳಲೇಬೇಕಂತೆ. ನಮ್ಮ ಸುಪ್ರೀಂ ಕೋರ್ಟ್ ಕೂಡ ತರಂಗಗಳು ಜನರ ಆಸ್ತಿ ಅಂದಿದೆಯಂತೆ. ಆಕಾಶವಾಣಿ, ದೂರದರ್ಶನ ನಡೆಸುವ ಪ್ರಸಾರ ಭಾರತಿಯ ಮಂಡಳಿಗೆ ಕೇಳುಗರೇ ಸದಸ್ಯರನ್ನು ಚುನಾಯಿಸಿದರೆ ಸರ್ಕಾರದ ಹಿಡಿತವೂ ತಪ್ಪುತ್ತದೆ, ನಮ್ಮ ಪತ್ರಕ್ಕೆ ಉತ್ತರವೂ ಬರುತ್ತದೆ, ಅಲ್ಲವೇ?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಎರಡು ದೂರು ಒಂದೇ ಗೂಟಕ್ಕೆ ಕಟ್ಟಿಕೊಂಡಿವೆ. ಒಂದು, ದೆಹಲಿ ಸರ್ಕಾರದ ಹಿಡಿತ. ಇನ್ನೊಂದು, ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ ಅನ್ನೋದು. ವೋಟು ಸಿಕ್ಕರೆ ಎರಡೂ ಸರಿಹೋಗುತ್ತದೆ ಅಂತ ನಿಮ್ಮ ನಂಬಿಕೆ. ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ರೇಡಿಯೋ ಕಾರ್ಯಕ್ರಮ ಮಾಡಿದವನು. ಆಮೇಲೆ ಪ್ರಸಾರದ ಕಾನೂನು ಓದಿಕೊಂಡು ಅದನ್ನೇ ಪಾಠ ಮಾಡಿದವನು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ವೋಟಿನ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಅದನ್ನು ಯಾವ ಪ್ರಶ್ನೆಗೆ ಹಾಕಿಸುತ್ತೀರಿ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಮಂಡಳಿಯ ಕುರ್ಚಿಗೆ ಹಾಕಿಸಿದರೆ ಕೆಡುತ್ತದೆ. ನಿಮ್ಮ ಪತ್ರಕ್ಕೆ ಉತ್ತರ ತರಿಸುವುದಕ್ಕಂತೂ ಅದಕ್ಕಿಂತ ಸಲೀಸಾದ ದಾರಿ ಇದೆ.

ಯಾಕೆ ಕೆಡುತ್ತದೆ ಅಂತ ಪುಸ್ತಕದಿಂದ ಹೇಳೋದಕ್ಕಿಂತ ಮೊದಲು ಒಂದು ಮೇಜಿನ ಕಥೆ ಹೇಳ್ತೀನಿ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೆಚ್ಚಿನ ಚಿತ್ರಗೀತೆ ಕಾರ್ಯಕ್ರಮದ ಕಾಗದ ವಿಂಗಡಿಸುವುದು ನನ್ನ ಪಾಲಿಗೆ ಬಂದಿತ್ತು. ವಾರಕ್ಕೊಂದು ಚೀಲ. ಮೇಜಿನ ಮೇಲೆ ಸುರುವಿ, ಹಾಡಿನ ಪ್ರಕಾರ ಗುಡ್ಡೆ ಮಾಡಬೇಕು. ಒಂದು ದಿನ ಒಂದು ಗುಡ್ಡೆ ಏಕಾಏಕಿ ಮೊಣಕೈ ಎತ್ತರಕ್ಕೆ ಬೆಳೆಯಿತು. ಎಲ್ಲಾ ಕಾರ್ಡಿನಲ್ಲೂ ಒಂದೇ ಹಾಡು. ಹೆಸರು ಮಾತ್ರ ಬೇರೆ ಬೇರೆ. ತಿರುಗಿಸಿ ನೋಡಿದರೆ ಎಲ್ಲದರಲ್ಲೂ ಒಂದೇ ನೀಲಿ ಶಾಯಿ, ಎಲ್ಲದರಲ್ಲೂ "ಅಬಿಮಾನಿ" ಅಂತ ಮಹಾಪ್ರಾಣ ಬಿಟ್ಟ ಒಂದೇ ತಪ್ಪು, ಎಲ್ಲದಕ್ಕೂ ಒಂದೇ ಊರಿನ ಅಂಚೆ ಮುದ್ರೆ. ಅರವತ್ತಕ್ಕೂ ಹೆಚ್ಚು ಕಾರ್ಡು. ಯಾವುದೋ ಅಭಿಮಾನಿ ಸಂಘದ ಹುಡುಗ ರಾತ್ರಿಯೆಲ್ಲಾ ಕೂತು ಬರೆದಿದ್ದಾನೆ ಪಾಪ. ಅದರ ಪಕ್ಕದಲ್ಲೇ ಒಂಟಿಯಾಗಿ ಬಿದ್ದಿದ್ದ ಕಾರ್ಡು ಒಬ್ಬ ಅಜ್ಜಿಯದು, ಮೊಮ್ಮಗಳ ಕೈಲಿ ಬರೆಸಿದ್ದು. ಸಿನಿಮಾ ಹಾಡಲ್ಲ, ಒಂದು ಸೋಬಾನೆ ಪದ ಹಾಕಿ ಅಂತ ಕೇಳಿದ್ದರು. ಎಣಿಸಿದರೆ ಹುಡುಗ ಗೆದ್ದ. ನಮ್ಮ ಹಿರಿಯರೊಬ್ಬರು ಬಂದು ಎರಡೂ ನೋಡಿ, ಆ ಗುಡ್ಡೆಯಿಂದ ಒಂದು ಕಾರ್ಡು ಇಟ್ಟುಕೊಂಡು ಉಳಿದದ್ದನ್ನು ದಾರ ಕಟ್ಟಿ ಬದಿಗಿಟ್ಟರು. ಅಜ್ಜಿಯ ಕಾರ್ಡನ್ನು ಜಾನಪದ ವಿಭಾಗಕ್ಕೆ ಕಳಿಸಿದರು.

ಅವರು ಮಾಡಿದ್ದು ಪ್ರಜಾಪ್ರಭುತ್ವವಾ? ಲೆಕ್ಕದ ಪ್ರಕಾರ ಅಲ್ಲ. ಅವರ ಜಾಗದಲ್ಲಿ ಸೋಮಾರಿಯೋ ಪಕ್ಷಪಾತಿಯೋ ಕೂತಿದ್ದರೆ ಅಜ್ಜಿಯ ಕಾರ್ಡೂ ಕಸದ ಬುಟ್ಟಿಗೆ ಹೋಗುತ್ತಿತ್ತು, ಅದೂ ನಿಜ. ನಿಮ್ಮ ಮೂರು ಪತ್ರಕ್ಕೆ ಆಗಿರೋದು ಬಹುಶಃ ಅದೇ. ನಿಮ್ಮ ಪ್ರಶ್ನೆ ಇರೋದು ಈ ಎರಡರ ನಡುವೆ.

ಈಗ ನೀವು ಕೇಳಿದ "ಅಂತೆ"ಗಳನ್ನು ಒಂದೊಂದಾಗಿ ನೋಡೋಣ.

ಬಿಬಿಸಿ ವಿಷಯ ಅರ್ಧ ಸತ್ಯ. ಅಲ್ಲಿ ಮನೆಮನೆಯವರು ಲೈಸೆನ್ಸ್ ಕಟ್ಟುತ್ತಾರೆ, ಸರಿ. ಆದರೆ ಕಟ್ಟಿದವರಿಗೆ ಯಾವ ವೋಟೂ ಇಲ್ಲ. 2017ರಿಂದ ಜಾರಿಯಲ್ಲಿರುವ ಸನ್ನದಿನ ಪ್ರಕಾರ ಬಿಬಿಸಿ ಮಂಡಳಿಗೆ 14 ಜನ. ಅಧ್ಯಕ್ಷರನ್ನೂ, ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗೆ ಒಬ್ಬೊಬ್ಬರಂತೆ ನಾಲ್ಕು ಸದಸ್ಯರನ್ನೂ ನೇಮಿಸೋದು ಸರ್ಕಾರದ ಕಡೆಯಿಂದಲೇ. ಉಳಿದವರನ್ನು ಬಿಬಿಸಿಯೇ ಆರಿಸಿಕೊಳ್ಳುತ್ತದೆ. ಲೈಸೆನ್ಸ್‌ದಾರರನ್ನೇ ಸದಸ್ಯರನ್ನಾಗಿ ಮಾಡಿ ಅದನ್ನೊಂದು ಸಹಕಾರ ಸಂಘದ ಹಾಗೆ ನಡೆಸಿ ಅನ್ನೋ ವಾದ ಅಲ್ಲಿ ಆಗಾಗ ಏಳುತ್ತದೆ. ಇಲ್ಲಿಯವರೆಗೆ ಅದು ವಾದವಾಗಿಯೇ ಉಳಿದಿದೆ. ಅಂದರೆ ನಿಮ್ಮ ಯೋಚನೆ ತಲೆಹರಟೆಯೇನಲ್ಲ, ಲಂಡನ್ನಿನಲ್ಲೂ ಯೋಚಿಸ್ತಾರೆ.

ಸುಪ್ರೀಂ ಕೋರ್ಟ್ ಮಾತು ಪೂರ್ತಿ ನಿಜ, ಆದರೆ ಅದರ ಅರ್ಥ ನೀವು ಅಂದುಕೊಂಡಷ್ಟು ಉದ್ದಕ್ಕೆ ಹೋಗೋದಿಲ್ಲ. ಅದು ಶುರುವಾಗಿದ್ದು ಕ್ರಿಕೆಟ್‌ನಿಂದ, ತಮಾಷೆ ನೋಡಿ. 1993ರ ಹೀರೋ ಕಪ್ ಪಂದ್ಯಗಳನ್ನು ಯಾರು ತೋರಿಸಬೇಕು ಅಂತ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ದೂರದರ್ಶನಕ್ಕೂ ಜಗಳ ಬಿತ್ತು. 1995ರ ಫೆಬ್ರವರಿಯಲ್ಲಿ ತೀರ್ಪು ಬಂತು: ತರಂಗಗಳು ಸಾರ್ವಜನಿಕ ಆಸ್ತಿ, ಅವನ್ನು ಸರ್ಕಾರವೂ ಗುತ್ತಿಗೆ ಹಿಡಿಯಬಾರದು, ಖಾಸಗಿಯವರೂ ಹಿಡಿಯಬಾರದು, ಒಂದು ಸ್ವತಂತ್ರ ಸಾರ್ವಜನಿಕ ಪ್ರಾಧಿಕಾರ ನೋಡಿಕೊಳ್ಳಬೇಕು. ಜನರ ಆಸ್ತಿ ಅಂದಮಾತ್ರಕ್ಕೆ ಜನರೇ ವೋಟು ಹಾಕಿ ನಡೆಸಬೇಕು ಅಂತ ಅದು ಹೇಳಲಿಲ್ಲ. ಊರ ಕೆರೆ ಊರವರದ್ದೇ, ಆದರೂ ತೂಬು ಎತ್ತುವವನಿಗೆ ಒಂದು ಕಟ್ಟಳೆ ಇರುತ್ತದಲ್ಲ, ಹಾಗೆ.

ಇನ್ನು ಪ್ರಸಾರ ಭಾರತಿಯಲ್ಲಿ ಚುನಾವಣೆಯೇ ಇಲ್ಲ ಅನ್ನೋದು. ಕಾನೂನಿನ ಪುಸ್ತಕ ತೆಗೆದರೆ ಇದೆ! 1990ರ ಕಾಯ್ದೆ ಓದಿ. ಮಂಡಳಿಯಲ್ಲಿ ನೌಕರರ ಇಬ್ಬರು ಪ್ರತಿನಿಧಿಗಳು ಇರಬೇಕು, ಒಬ್ಬರು ಎಂಜಿನಿಯರಿಂಗ್ ಕಡೆಯವರು, ಒಬ್ಬರು ಉಳಿದವರ ಪೈಕಿ, ಇಬ್ಬರನ್ನೂ ನೌಕರರೇ ಆರಿಸಬೇಕು. 13ನೇ ಕಲಂ ಪ್ರಕಾರ 22 ಸಂಸದರ ಒಂದು ಸಮಿತಿ ಇರಬೇಕು, ಲೋಕಸಭೆಯಿಂದ 15, ರಾಜ್ಯಸಭೆಯಿಂದ 7, ಅದೂ ಆಳುವ ಪಕ್ಷ ಎಲ್ಲಾ ಸೀಟು ನುಂಗದ ಹಾಗೆ ಪ್ರಮಾಣಾನುಗುಣ ಮತದಾನದಲ್ಲಿ ಆರಿಸಿದ್ದು. 14 ಮತ್ತು 15ನೇ ಕಲಂ ಇನ್ನೂ ಸೊಗಸು. ಪ್ರಸಾರ ಪರಿಷತ್ತು ಅಂತ ಒಂದು ಇರಬೇಕು, ಯಾವುದೇ ಕಾರ್ಯಕ್ರಮ ಕಾಯ್ದೆಯ ಉದ್ದೇಶಕ್ಕೆ ತಕ್ಕ ಹಾಗಿಲ್ಲ ಅಂತ ಅನ್ನಿಸಿದರೆ ಯಾರು ಬೇಕಾದರೂ ಅಲ್ಲಿ ದೂರು ಕೊಡಬಹುದು. ಯಾರು ಬೇಕಾದರೂ, ಅಂದರೆ ನೀವು. ನಾಲ್ಕು ಹಸು ಕಟ್ಟಿಕೊಂಡು ಕೊಟ್ಟಿಗೆಯಲ್ಲಿ ರೇಡಿಯೋ ಕೇಳುವ ಮೇಷ್ಟ್ರು.

ಆ ಪರಿಷತ್ತೂ ಹುಟ್ಟಲಿಲ್ಲ, ಆ ಸಂಸದೀಯ ಸಮಿತಿಯೂ ಹುಟ್ಟಲಿಲ್ಲ. ಕಾಗದದಲ್ಲೇ ಇವೆ. ನನಗೆ ಹೊಟ್ಟೆ ಉರಿಯೋದು ಇಲ್ಲಿ. ಹೊಸ ಹಕ್ಕು ಕೇಳೋದಕ್ಕೆ ಮುಂಚೆ ಕೊಟ್ಟಿರೋ ಹಕ್ಕನ್ನು ಮೂವತ್ತು ವರ್ಷ ಮಡಚಿ ಇಟ್ಟುಕೊಂಡಿದ್ದಾರಲ್ಲ, ಅದನ್ನು ಬಿಚ್ಚಿಸಬೇಡವಾ?

ಯಾಕೆ ಬಿಚ್ಚಲಿಲ್ಲ? ಒಂದು ಪಕ್ಷದ ತಪ್ಪು ಅಂತ ಹೇಳಿದರೆ ಅದು ಸುಮ್ನೆ ಮಾತಾಗುತ್ತದೆ. ತುರ್ತು ಪರಿಸ್ಥಿತಿಯಲ್ಲಿ ರೇಡಿಯೋ ಸರ್ಕಾರದ ತುತ್ತೂರಿ ಆಯಿತು ಅಂತ ಜನ ರೊಚ್ಚಿಗೆದ್ದ ಮೇಲೆ ಬಿ.ಜಿ. ವರ್ಗೀಸ್ ನೇತೃತ್ವದ ಸಮಿತಿ 1978ರಲ್ಲಿ 'ಆಕಾಶ ಭಾರತಿ' ಅನ್ನೋ ಸ್ವತಂತ್ರ ಟ್ರಸ್ಟ್ ಮಾಡಿ ಅಂದಿತು. ಆಗಲಿಲ್ಲ. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ ಕಾಯ್ದೆ ಮಾಡಿತು. ಅದು ಜಾರಿಗೆ ಬರುವುದಕ್ಕೆ 1997ರ ಸೆಪ್ಟೆಂಬರ್ ಆಗಬೇಕಾಯಿತು. ಏಳು ವರ್ಷದಲ್ಲಿ ಎಷ್ಟು ಪ್ರಧಾನಿಗಳು ಬಂದು ಹೋದರು ಎಣಿಸಿ ನೋಡಿ, ಯಾರಿಗೂ ಅವಸರ ಇರಲಿಲ್ಲ. ಕೈಯಲ್ಲಿರುವ ಮೈಕು ಯಾರು ಬಿಡ್ತಾರೆ? 2014ರ ಚುನಾವಣೆ ಹೊತ್ತಿಗೆ ನರೇಂದ್ರ ಮೋದಿ ಸಂದರ್ಶನಕ್ಕೆ ದೂರದರ್ಶನ ಕತ್ತರಿ ಹಾಕಿತು ಅಂತ ಗಲಾಟೆ. ಆಗ ದೆಹಲಿಯಲ್ಲಿ ಯುಪಿಎ. 2017ರ ಸ್ವಾತಂತ್ರ್ಯ ದಿನ ತ್ರಿಪುರಾ ಮುಖ್ಯಮಂತ್ರಿ ಮಾಣಿಕ್ ಸರ್ಕಾರ್ ಭಾಷಣ ಪ್ರಸಾರ ಮಾಡಲಿಲ್ಲ ಅಂತ ಗಲಾಟೆ. ಆಗ ಎನ್‌ಡಿಎ. ಬೋರ್ಡು ಬದಲಾಯಿತು, ಅಂಗಡಿ ಅದೇ.

ಕಾರಣದ ಬೇರು ಎರಡು. ಮೊದಲನೆಯದು ದುಡ್ಡು. ಸಂಬಳದಿಂದ ಹಿಡಿದು ಟ್ರಾನ್ಸ್‌ಮಿಟರ್‌ವರೆಗೆ ಬಹುಪಾಲು ಕೇಂದ್ರ ಬಜೆಟ್‌ನಿಂದ ಬರಬೇಕು. 2023ರ ಜನವರಿಯಲ್ಲಿ ಆಕಾಶವಾಣಿ, ದೂರದರ್ಶನದ ಸಲಕರಣೆ, ಜಾಲ ಸುಧಾರಣೆಗೆ ಅಂತ ಕೇಂದ್ರ ಸಂಪುಟ ಒಪ್ಪಿದ ಯೋಜನೆಯೊಂದೇ 2,539 ಕೋಟಿ ರೂಪಾಯಿ ದಾಟಿತ್ತು. ಉಣ್ಣಿಸುವ ಕೈಯನ್ನು ಕಚ್ಚು ಅಂದರೆ ಯಾವ ಮಂಡಳಿ ಕಚ್ಚುತ್ತದೆ? ಎರಡನೆಯದು ನೇಮಕ. ಅಧ್ಯಕ್ಷರನ್ನೂ ಸದಸ್ಯರನ್ನೂ ಸೂಚಿಸುವ ಸಮಿತಿಯಲ್ಲಿ ಮೂರೇ ಜನ: ರಾಜ್ಯಸಭೆಯ ಸಭಾಪತಿ, ಪ್ರೆಸ್ ಕೌನ್ಸಿಲ್ ಅಧ್ಯಕ್ಷರು, ರಾಷ್ಟ್ರಪತಿಗಳು ಹೆಸರಿಸಿದ ಒಬ್ಬರು. ವಿರೋಧ ಪಕ್ಷದವರು ಇಲ್ಲ, ರಾಜ್ಯಗಳವರು ಇಲ್ಲ, ಕೇಳುಗರಂತೂ ಕೇಳಲೇಬೇಡಿ. ನೇಮಕ ಮಾಡದೇ ಇರೋದೂ ಒಂದು ಹಿಡಿತವೇ. 2020ರ ಫೆಬ್ರವರಿಯಿಂದ 2024ರ ಮಾರ್ಚ್‌ವರೆಗೆ, ನಾಲ್ಕು ವರ್ಷ, ಪ್ರಸಾರ ಭಾರತಿ ಅಧ್ಯಕ್ಷರ ಕುರ್ಚಿ ಖಾಲಿ ಇತ್ತು. ನಿಮ್ಮ ಡೇರಿ ಅಧ್ಯಕ್ಷರ ಕುರ್ಚಿ ನಾಲ್ಕು ತಿಂಗಳು ಖಾಲಿ ಬಿಟ್ಟರೆ ಊರಲ್ಲಿ ಸುಮ್ನಿರ್ತಾರಾ?

ಹಾಗಾದರೆ ವೋಟು ಬೇಕು ಅಂತಲೇ ಆಯಿತಲ್ಲ ಅಂತೀರಿ. ತಾಳಿ.

ನಿಮ್ಮ ಡೇರಿಯಲ್ಲಿ ವೋಟು ಯಾಕೆ ಕೆಲಸ ಮಾಡುತ್ತದೆ ಹೇಳಿ. ಮತದಾರ ಯಾರು ಅಂತ ಗೊತ್ತು. ಹಾಲು ಹಾಕೋನು. ಅದೂ ವರ್ಷದಲ್ಲಿ ಇಷ್ಟು ದಿನ ಹಾಕಿರಬೇಕು, ಸಭೆಗೆ ಬಂದಿರಬೇಕು ಅಂತ ನಿಯಮ. ಫ್ಯಾಟ್ ಎಷ್ಟು ಬಂತು, ರೇಟು ಎಷ್ಟು ಹಾಕಿದರು ಅಂತ ದಿನಾ ಚೀಟಿ ನೋಡ್ತೀರಿ. ಕಾರ್ಯದರ್ಶಿ ಏಮಾರಿಸಿದರೆ ಸಂಜೆ ಅರಳಿಕಟ್ಟೆಯಲ್ಲಿ ಗೊತ್ತಾಗಿಬಿಡುತ್ತದೆ. ರೇಡಿಯೋ ಕೇಳುಗ ಯಾರು ಅಂತ ಹೇಗೆ ಪಟ್ಟಿ ಮಾಡ್ತೀರಿ?

ಒಂದು ಕಾಲದಲ್ಲಿ ಆ ಪಟ್ಟಿ ಇತ್ತು. ನಿಮ್ಮ ವಯಸ್ಸಿನವರಿಗೆ ನೆನಪಿರಬೇಕು, ರೇಡಿಯೋಗೆ ಲೈಸೆನ್ಸ್ ಪುಸ್ತಕ ಇರುತ್ತಿತ್ತು, ವರ್ಷಕ್ಕೊಮ್ಮೆ ಪೋಸ್ಟ್ ಆಫೀಸಿಗೆ ಹೋಗಿ ದುಡ್ಡು ಕಟ್ಟಿ ಮುದ್ರೆ ಹಾಕಿಸಬೇಕಿತ್ತು. 1980ರ ದಶಕದ ನಡುವೆ ಅದನ್ನು ತೆಗೆದರು. ಜನ ಖುಷಿಪಟ್ಟರು, ನಮ್ಮಪ್ಪನೂ ಖುಷಿಪಟ್ಟಿದ್ದರು. ಆದರೆ ಅವತ್ತು ನಾವು ದುಡ್ಡು ಕಟ್ಟುವ ಕೇಳುಗರಾಗಿದ್ದವರು ಬಿಟ್ಟಿ ಕೇಳುಗರಾದೆವು, ನಮ್ಮ ಹೆಸರಿನ ಪಟ್ಟಿಯೂ ಹೋಯಿತು, ರೇಡಿಯೋ ಪೂರ್ತಿಯಾಗಿ ಬಜೆಟ್ ಮತ್ತು ಜಾಹೀರಾತಿನ ಮಡಿಲಿಗೆ ಬಿತ್ತು. ಇದನ್ನು ಯಾರೂ ಹೆಚ್ಚು ಮಾತಾಡೋದಿಲ್ಲ.

ಈಗ ಪಟ್ಟಿ ಮಾಡಬೇಕು ಅಂದರೆ ಎರಡೇ ದಾರಿ. ತೆರಿಗೆ ಎಲ್ಲರದ್ದೂ ಅಂತ ದೇಶದ ಎಲ್ಲಾ ಮತದಾರರನ್ನೂ ಸೇರಿಸಿದರೆ ತೊಂಬತ್ತು ಕೋಟಿ ದಾಟುತ್ತದೆ. ಅಷ್ಟು ದೊಡ್ಡ ಚುನಾವಣೆ ನಡೆಸುವ ತಾಕತ್ತು ಇರೋದು ರಾಜಕೀಯ ಪಕ್ಷಗಳಿಗೆ ಮಾತ್ರ. ಬೂತ್ ಏಜೆಂಟ್, ಪಾಂಪ್ಲೆಟ್, ಗಾಡಿ, ಎಲ್ಲಾ ಅವರ ಹತ್ತಿರ ಇದೆ. ಸರ್ಕಾರದ ಹಿಡಿತ ತಪ್ಪಿಸೋಕೆ ಹೊರಟು ಮಂಡಳಿಯನ್ನು ಪಕ್ಷಗಳಿಗೇ ಬಾಗಿಲು ತೆಗೆದು ಕೊಟ್ಟ ಹಾಗೆ. ಇನ್ನೊಂದು ದಾರಿ, ಆಸಕ್ತಿ ಇರುವವರು ಹೆಸರು ಬರೆಸಿ ಸದಸ್ಯರಾಗಲಿ ಅನ್ನೋದು. ಆಗ ಗೆಲ್ಲೋದು ನೀಲಿ ಶಾಯಿ ಹುಡುಗ.

ನಮ್ಮಲ್ಲೇ ಇದರ ಉದಾಹರಣೆ ಇದೆ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಸದಸ್ಯರ ವೋಟಿನಿಂದ ಅಧ್ಯಕ್ಷರನ್ನು ಆರಿಸುವ ಸಂಸ್ಥೆ. 2021ರ ಚುನಾವಣೆ ಹೊತ್ತಿಗೆ ಮೂರು ಲಕ್ಷಕ್ಕೂ ಹೆಚ್ಚು ಮತದಾರರು. ಕನ್ನಡಿಗರಿಗೆ ಹೆಮ್ಮೆಯ ವಿಷಯವೇ. ಆದರೆ ಚುನಾವಣೆ ಹತ್ತಿರ ಬಂದಾಗ ಪತ್ರಿಕೆಗಳಲ್ಲಿ ನೀವು ಓದೋದು ಏನು? ಯಾವ ಬಣ, ಯಾವ ಜಿಲ್ಲೆ, ಯಾವ ಜಾತಿ, ಯಾರ ಬೆಂಬಲ ಯಾರಿಗೆ. ಸಾಹಿತ್ಯದ ಮಾತು ಒಂದು ಮೂಲೆಯಲ್ಲಿ. ಇದು ಯಾರೋ ಒಬ್ಬರ ದೋಷ ಅಲ್ಲ, ಆ ತರಹದ ಚುನಾವಣೆಯ ಗುಣವೇ ಹಾಗೆ.

ಅಮೆರಿಕದಲ್ಲಿ ನೀವು ಕೇಳಿದ್ದನ್ನೇ ಅಕ್ಷರಶಃ ಮಾಡಿ ನೋಡಿದ್ದಾರೆ. ಪ್ಯಾಸಿಫಿಕಾ ಅಂತ ಒಂದು ಸಂಸ್ಥೆ, ಅದರ ಮೊದಲ ಕೇಂದ್ರ ಕೆಪಿಎಫ್‌ಎ ಬರ್ಕ್ಲಿಯಲ್ಲಿ 1949ರಲ್ಲಿ ಶುರುವಾಯಿತು. ಜಾಹೀರಾತಿಲ್ಲ, ಕೇಳುಗರ ದೇಣಿಗೆಯಲ್ಲೇ ನಡೆಯುವ ರೇಡಿಯೋ. ಸರ್ಕಾರದ್ದಲ್ಲ, ಆದರೂ ನಮಗೆ ಪಾಠ ಇದೆ. 1999ರಲ್ಲಿ ಮೇಲಿನ ಆಡಳಿತ ಮಂಡಳಿ ಕೆಪಿಎಫ್‌ಎ ಸಿಬ್ಬಂದಿಯನ್ನೇ ಹೊರಗಿಟ್ಟು ಬೀಗ ಹಾಕಿತು. ಕೇಳುಗರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು, ಮೊಕದ್ದಮೆ ಹೂಡಿದರು, ಗೆದ್ದರು. 2003ರಲ್ಲಿ ಹೊಸ ಬೈಲಾ ಬಂತು: 25 ಡಾಲರ್ ಕೊಟ್ಟವರು ಅಥವಾ ಮೂರು ಗಂಟೆ ಸ್ವಯಂಸೇವೆ ಮಾಡಿದವರು ಮತದಾರರು, ಐದೂ ಕೇಂದ್ರಗಳ ಮಂಡಳಿಯ ಬಹುಪಾಲು ಸದಸ್ಯರನ್ನು ಕೇಳುಗರೇ ಆರಿಸಬೇಕು. ಓದಿದಾಗ ನನಗೂ ಮೈ ಜುಮ್ ಅಂದಿತ್ತು. ಆಮೇಲೆ ಏನಾಯಿತು? ಚುನಾವಣೆ ಸಿಂಧುವಾಗೋಕೆ ಬೇಕಾದ ಕೋರಂ ಕೇಳುಗರಲ್ಲಿ ನೂರಕ್ಕೆ ಹತ್ತೇ. ಆ ಹತ್ತು ಮುಟ್ಟಿಸೋಕೇ ಮತದಾನದ ದಿನ ಮುಂದೂಡುವ ಪರದಾಟ. ವೋಟು ಹಾಕೋರು ಕಡಿಮೆ ಇದ್ದಷ್ಟೂ ಬಣ ಕಟ್ಟಿದವನಿಗೆ ಲಾಭ ಅಲ್ವಾ. ಬಣಕ್ಕೆ ಬಣ ಕೋರ್ಟು ಕಚೇರಿ, ಚುನಾವಣೆಯ ಖರ್ಚೇ ಸಂಸ್ಥೆಗೆ ಹೊರೆ. 2019ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಕೇಂದ್ರದ ಸ್ಥಳೀಯ ಕಾರ್ಯಕ್ರಮಗಳನ್ನು ಕೇಂದ್ರ ಕಚೇರಿಯವರು ಒಂದು ಬೆಳಿಗ್ಗೆ ಹಠಾತ್ ನಿಲ್ಲಿಸಿ ಬೇರೆ ಕಡೆಯ ರಿಲೇ ಹಾಕಿದರು. ಮುಂದಿನ ತಿಂಗಳು ಕೋರ್ಟು ಮೂಲಕ ವಾಪಸ್ಸು ಬಂತು. ನಿಮ್ಮ ಕೊಟ್ಟಿಗೆಯ ದೂರು ಏನಿತ್ತು ಮೇಷ್ಟ್ರೇ, ನೆನಪಿದೆಯಾ? ಅದೇ ರಿಲೇ. ವೋಟು ಇದ್ದ ಜಾಗದಲ್ಲೂ.

ನೆದರ್‌ಲ್ಯಾಂಡ್ಸ್‌ನವರದ್ದು ಇನ್ನೊಂದು ತರಹ. ಅಲ್ಲಿ ಸಾರ್ವಜನಿಕ ಪ್ರಸಾರ ಅನ್ನೋದೇ ಹಲವು ಸಂಘಗಳ ಕೂಟ. ಕ್ಯಾಥೊಲಿಕರದ್ದೊಂದು, ಸಮಾಜವಾದಿಗಳದ್ದೊಂದು, ಹೀಗೆ. ಸದಸ್ಯರು ಎಷ್ಟು ಜಾಸ್ತಿಯೋ ಅಷ್ಟು ಪ್ರಸಾರದ ಸಮಯ ಸಿಗುತ್ತಿತ್ತು. ಆಮೇಲೆ ಟ್ರೋಸ್ ಅನ್ನೋ ಸಂಘ ಬಂದು, ತತ್ವಗಿತ್ವ ಬಿಟ್ಟು ಬರೀ ರಂಜನೆ ಕೊಟ್ಟು ಸದಸ್ಯರನ್ನು ಬಾಚಿಕೊಂಡಿತು. ಉಳಿದವರೂ ಸಮಯ ಕಳೆದುಕೊಳ್ಳಬಾರದು ಅಂತ ಅದೇ ದಾರಿ ಹಿಡಿದರು. ಇದಕ್ಕೆ ಡಚ್ ಭಾಷೆಯಲ್ಲಿ ಒಂದು ಪದವೇ ಹುಟ್ಟಿತು, 'ಫೆರ್‌ಟ್ರೋಸಿಂಗ್', ಅಂದರೆ ಟ್ರೋಸ್ ಆಗಿಹೋಗೋದು. ಇನ್ನೂ ತಮಾಷೆ ಅಂದರೆ, ವಾರದ ಕಾರ್ಯಕ್ರಮ ಪಟ್ಟಿ ಅಚ್ಚು ಹಾಕುವ ಹಕ್ಕು ಸಂಘಗಳ ಕೈಯಲ್ಲೇ ಇತ್ತು, ಟಿವಿ ಗೈಡ್‌ಗೆ ಚಂದಾ ಕಟ್ಟಿದವರು ಸದಸ್ಯರ ಲೆಕ್ಕಕ್ಕೆ ಬರುತ್ತಿದ್ದರು. ಎಷ್ಟು ಜನ ತತ್ವಕ್ಕೆ ಸೇರಿದರೋ, ಎಷ್ಟು ಜನ ಇವತ್ತು ರಾತ್ರಿ ಯಾವ ಸಿನಿಮಾ ಅಂತ ನೋಡೋಕೆ ಸೇರಿದರೋ, ದೇವರಿಗೇ ಗೊತ್ತು.

ನಮ್ಮ ಕಡೆ ಇದನ್ನು ಊಹಿಸಿ. ಮಂಗಳೂರು ಆಕಾಶವಾಣಿಯಲ್ಲಿ ತುಳು, ಕೊಂಕಣಿ, ಬ್ಯಾರಿ ಕಾರ್ಯಕ್ರಮ ಬರುತ್ತವೆ. ಮಡಿಕೇರಿಯಲ್ಲಿ ಕೊಡವ ಭಾಷೆ, ಅರೆಭಾಷೆ. ಬೆಂಗಳೂರಿನ ಅಮೃತವರ್ಷಿಣಿಯಲ್ಲಿ ಶಾಸ್ತ್ರೀಯ ಸಂಗೀತ. ಇವನ್ನೆಲ್ಲಾ ತಲೆ ಎಣಿಕೆಗೆ ಹಾಕಿದರೆ ಯಾವುದು ಉಳಿಯುತ್ತದೆ? ನಿಮ್ಮ ರೈತರ ಕಾರ್ಯಕ್ರಮವೂ ಉಳಿಯೋದಿಲ್ಲ, ಇದನ್ನು ಬೇಜಾರಿಲ್ಲದೆ ಕೇಳಿಸಿಕೊಳ್ಳಿ. ಎಷ್ಟು ಮಂದಿ ನೋಡ್ತಾರೆ ಅನ್ನೋ ಲೆಕ್ಕವೇ ದಿನನಿತ್ಯದ ವೋಟು ಆಗಿರೋ ಖಾಸಗಿ ಚಾನೆಲ್‌ಗಳಲ್ಲಿ ಬೆಳಿಗ್ಗೆ ಬೆಳಿಗ್ಗೆ ಏನು ಬರುತ್ತದೆ ಗೊತ್ತಲ್ಲ. ರಾಶಿ, ನಕ್ಷತ್ರ, ಪರಿಹಾರ.

ಹಾಗಂತ ಜನರಿಗೆ ವೋಟು ಕೊಡೋದೇ ತಪ್ಪು ಅಂತ ನಾನು ಹೇಳಿದರೆ ಸ್ವಿಟ್ಜರ್ಲೆಂಡ್ ನನ್ನ ಕಿವಿ ಹಿಂಡುತ್ತದೆ. ಅಲ್ಲಿ 2018ರ ಮಾರ್ಚ್ 4ರಂದು ದೇಶಕ್ಕೆ ದೇಶವೇ ಒಂದು ಪ್ರಶ್ನೆಗೆ ವೋಟು ಹಾಕಿತು: ರೇಡಿಯೋ ಟಿವಿ ಶುಲ್ಕವನ್ನೇ ರದ್ದು ಮಾಡೋಣವಾ? ಮನೆಗೆ ವರ್ಷಕ್ಕೆ 451 ಫ್ರಾಂಕ್, ಸಣ್ಣ ಮೊತ್ತವಲ್ಲ. ಯಾರಿಗಾದರೂ ರದ್ದು ಮಾಡಿ ಅನ್ನಿಸಬೇಕು. ಆದರೆ ನೂರಕ್ಕೆ 71ಕ್ಕೂ ಹೆಚ್ಚು ಜನ ಬೇಡ ಅಂದರು, 26 ಕ್ಯಾಂಟನ್‌ಗಳಲ್ಲಿ, ಅಂದರೆ ಅಲ್ಲಿನ ರಾಜ್ಯಗಳಲ್ಲಿ, ಒಂದೂ ರದ್ದತಿಗೆ ಒಪ್ಪಲಿಲ್ಲ. ಆ ದುಡ್ಡಿನಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್ ಮಾತ್ರವಲ್ಲ, ಸುಮಾರು ಅರವತ್ತು ಸಾವಿರ ಜನ ಆಡುವ ರೊಮಾಂಶ್ ಭಾಷೆಯ ಪ್ರಸಾರವೂ ನಡೆಯುತ್ತದೆ. ಬಹುಸಂಖ್ಯಾತ ಜರ್ಮನ್ ಮಾತಿನವರು ತಮಗೆ ಅರ್ಥವೇ ಆಗದ ರೇಡಿಯೋಗೂ ದುಡ್ಡು ಕಟ್ಟುತ್ತೇವೆ ಅಂದ ಹಾಗಾಯಿತು. ಯಾಕೆ ಸಾಧ್ಯವಾಯಿತು? ಕೇಳಿದ್ದು ಯಾವ ಹಾಡು ಬೇಕು ಅಂತಲ್ಲ, ಯಾರು ಕುರ್ಚಿಯಲ್ಲಿ ಕೂರಬೇಕು ಅಂತಲೂ ಅಲ್ಲ. ಈ ಮನೆ ನಿಮಗೆ ಬೇಕಾ ಅಂತ. ಅಂಥ ಪ್ರಶ್ನೆಗೆ ಜನ ಬೇರೆ ತರಹ ಯೋಚಿಸುತ್ತಾರೆ.

ಅದರಲ್ಲೂ ಅಪಾಯ ಇದೆ, ಮುಚ್ಚಿಡಲ್ಲ. ಮೂರು ವರ್ಷ ಮುಂಚೆ, 2015ರಲ್ಲಿ, ಶುಲ್ಕದ ಹೊಸ ಪದ್ಧತಿಯ ಮೇಲೆ ನಡೆದ ಜನಮತ ಸುಮಾರು 3,700 ವೋಟಿನಲ್ಲಿ ಮಾತ್ರ ಪಾರಾಗಿತ್ತು. 2018ರಲ್ಲಿ ಅಷ್ಟು ದೊಡ್ಡದಾಗಿ ಗೆದ್ದ ದಿನವೇ ಪ್ರಸಾರ ಸಂಸ್ಥೆ ಹತ್ತು ಕೋಟಿ ಫ್ರಾಂಕ್ ಖರ್ಚು ಕಡಿತ ಘೋಷಿಸಿತು. ಕತ್ತಿ ತಲೆಯ ಮೇಲೆ ತೂಗಾಡುತ್ತಿದ್ದರೆ ಸಂಸ್ಥೆ ತಾನಾಗೇ ತಗ್ಗಿ ನಡೆಯುತ್ತದೆ. ನಮ್ಮಲ್ಲಿ ಶುಲ್ಕವೂ ಇಲ್ಲ, ದೇಶದ ಮಟ್ಟದ ಜನಮತದ ಪದ್ಧತಿಯೂ ಇಲ್ಲ, ಹಾಗಾಗಿ ಇದು ನಕಲು ಮಾಡುವ ಮಾದರಿಯಲ್ಲ.

ಹತ್ತಿರ ಬರೋದು ಜರ್ಮನಿಯದ್ದು. ಜೆಡ್‌ಡಿಎಫ್ ಅನ್ನೋ ಅವರ ಸಾರ್ವಜನಿಕ ಟಿವಿಗೆ ಒಂದು ದೊಡ್ಡ ಪರಿಷತ್ತಿದೆ. ಚರ್ಚು, ಕಾರ್ಮಿಕ ಸಂಘ, ರೈತ ಸಂಘ, ಕ್ರೀಡಾ ಸಂಸ್ಥೆ, ಪರಿಸರದವರು, ಎಲ್ಲರಿಗೂ ಕುರ್ಚಿ. ಸಾಮಾನ್ಯ ಜನ ವೋಟು ಹಾಕೋದಿಲ್ಲ, ಅವರ ಸಂಘಗಳು ಆಳು ಕಳಿಸುತ್ತವೆ. ಅಲ್ಲೂ ರಾಜಕಾರಣಿಗಳು ನುಸುಳಿದರು. 2009ರಲ್ಲಿ ಮುಖ್ಯ ಸಂಪಾದಕ ನಿಕೋಲಾಸ್ ಬ್ರೆಂಡರ್ ಅವರ ಅವಧಿ ಮುಂದುವರಿಸದ ಹಾಗೆ ಒಂದು ಪಕ್ಷದ ಕಡೆಯವರು ತಡೆದರು. ಅದು ಸಾಂವಿಧಾನಿಕ ಕೋರ್ಟಿಗೆ ಹೋಯಿತು. 2014ರ ತೀರ್ಪು ಸ್ಪಷ್ಟ: ಸರ್ಕಾರ, ಪಕ್ಷಗಳ ಕಡೆಯವರು ಮೂರನೇ ಒಂದು ಭಾಗ ಮೀರಬಾರದು. ಈ ಒಂದು ಲೆಕ್ಕ ನನಗೆ ನೂರು ಭಾಷಣಕ್ಕಿಂತ ಇಷ್ಟ. ದೋಷ ಅಂದರೆ, ಸಂಘ ಇಲ್ಲದವರಿಗೆ ಕುರ್ಚಿಯೂ ಇಲ್ಲ. ನಮ್ಮಲ್ಲಿ ರೈತ ಸಂಘ ಅಂದರೆ ಯಾವ ರೈತ ಸಂಘ ಅಂತ ಮೊದಲು ಜಗಳ ಬೀಳುತ್ತದೆ, ಅದು ನಿಮಗೇ ಗೊತ್ತು.

ಹಾಗಾದರೆ ನಾನೇನು ಹೇಳ್ತೀನಿ? ಮೇಲಿನ ಮಂಡಳಿಗೆ ಚುನಾವಣೆ ಬೇಡ. ನೇಮಕ ಸಮಿತಿಯಲ್ಲಿ ವಿರೋಧ ಪಕ್ಷದ ನಾಯಕರಿರಲಿ, ಸರ್ಕಾರದ ಕಡೆಯವರಿಗೆ ಜರ್ಮನಿಯ ತರಹ ಮಿತಿ ಇರಲಿ, ಕುರ್ಚಿ ಇಷ್ಟು ತಿಂಗಳೊಳಗೆ ತುಂಬಲೇಬೇಕು ಅಂತ ಗಡುವು ಇರಲಿ, 13ರಿಂದ 15ನೇ ಕಲಂ ಪುಸ್ತಕದಿಂದ ಹೊರಗೆ ಬರಲಿ. ಇದೆಲ್ಲಾ ಸಂಸತ್ತಿನ ಕೆಲಸ, ನಿಮ್ಮ ಸಂಸದರನ್ನು ಕೇಳಿ.

ಕೆಳಗೆ, ಪ್ರತಿ ಕೇಂದ್ರದಲ್ಲಿ, ನನಗೆ ಬೇಕಾಗಿರೋದು ಚೀಟಿ ಎತ್ತಿ ಆರಿಸಿದ ಕೇಳುಗರ ಗುಂಪು. ವೋಟಲ್ಲ, ಚೀಟಿ. ಹೆಸರು ಕೊಟ್ಟವರ ಪೈಕಿ ಹದಿನೈದೋ ಇಪ್ಪತ್ತೋ ಜನ, ಅರ್ಧ ಹೆಂಗಸರು, ತಾಲ್ಲೂಕಿಗೆ ಇಂತಿಷ್ಟು, ಒಂದೇ ವರ್ಷ, ಎರಡನೇ ಸಲ ಇಲ್ಲ. ಚೀಟಿಗೆ ಪ್ರಚಾರ ಮಾಡೋಕಾಗಲ್ಲ, ಬಣ ಕಟ್ಟೋಕಾಗಲ್ಲ, ನೀಲಿ ಶಾಯಿ ಹುಡುಗನಿಗೂ ಅಜ್ಜಿಗೂ ಅವಕಾಶ ಒಂದೇ. ಅವರಿಗೆ ಕಾರ್ಯಕ್ರಮ ಆರಿಸುವ ಅಧಿಕಾರ ಬೇಡ. ಕೇಳುವ ಅಧಿಕಾರ ಸಾಕು: ರೈತರ ಕಾರ್ಯಕ್ರಮದ ಹೊತ್ತು ಯಾಕೆ ಬದಲಾಯಿತು ಅಂತ ಕೇಳಿದರೆ ಕೇಂದ್ರದ ಮುಖ್ಯಸ್ಥರು ಲಿಖಿತವಾಗಿ, ನಮ್ಮ ರಾಜ್ಯದ ಸಕಾಲ ಯೋಜನೆಯ ಹಾಗೆ ಇಷ್ಟು ದಿನದೊಳಗೆ ಅಂತ, ಉತ್ತರ ಕೊಡಬೇಕು, ಆ ಉತ್ತರವನ್ನು ರೇಡಿಯೋದಲ್ಲೇ ಓದಬೇಕು. ಇದರಲ್ಲೂ ತೊಂದರೆ ಇದೆ. ಒಂದು ದಿನ ಕೂಲಿ ಬಿಟ್ಟು ಬರೋರಿಗೆ ಕೂಲಿ ಕೊಡದಿದ್ದರೆ ಬರೋದು ನಿವೃತ್ತರು ಮಾತ್ರ, ನಿಮ್ಮ ನನ್ನಂಥವರು. ಹೊಸಬರನ್ನು ಅಧಿಕಾರಿಗಳು ಟೀ ಬಿಸ್ಕೆಟ್ ಕೊಟ್ಟು ಸ್ಟುಡಿಯೋ ತೋರಿಸಿ ಕಳಿಸಿಬಿಡಬಹುದು. ನಾನು ಕೆಲಸ ಮಾಡಿದ ಒಂದು ಜಾಗದಲ್ಲಿ ಕಾರ್ಯಕ್ರಮ ಸಲಹಾ ಸಮಿತಿ ಅಂತ ಇತ್ತು, ಅದು ಸೇರುತ್ತಿದ್ದದ್ದು ಗ್ರೂಪ್ ಫೋಟೋಗೆ. ಗೋಡಂಬಿ ಚೆನ್ನಾಗಿರುತ್ತಿತ್ತು.

ಇದೆಲ್ಲಾ ಯಾವತ್ತೋ ಆಗುವ ಮಾತು. ನಿಮ್ಮ ಮೂರು ಪತ್ರಕ್ಕೆ ಈಗ ಮಾಡಬೇಕಾದ್ದು ಇದು. ನಾಲ್ಕನೇ ಪತ್ರ ಬರೆಯಬೇಡಿ. ಪ್ರಸಾರ ಭಾರತಿ ಮಾಹಿತಿ ಹಕ್ಕು ಕಾಯ್ದೆಯೊಳಗೆ ಬರುತ್ತದೆ. ನಿಮಗೆ ಕೇಳಿಸುವ ಆಕಾಶವಾಣಿ ಕೇಂದ್ರದ ಮಾಹಿತಿ ಅಧಿಕಾರಿಗೆ ಒಂದು ಅರ್ಜಿ ಹಾಕಿ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ. "ಯಾಕೆ ಬದಲಾಯಿಸಿದಿರಿ" ಅಂತ ಕೇಳಬೇಡಿ, ಅಭಿಪ್ರಾಯ ಕೊಡಲು ಬರುವುದಿಲ್ಲ ಅಂತ ಒಂದು ಸಾಲಿನಲ್ಲಿ ಮುಗಿಸ್ತಾರೆ. ದಾಖಲೆ ಕೇಳಿ. ರೈತರ ಕಾರ್ಯಕ್ರಮದ ಹೊತ್ತು ಬದಲಿಸಿದ ಎರಡೂ ಆದೇಶದ ಪ್ರತಿ. ಬದಲಿಸುವ ಮೊದಲು ಕೇಳುಗರ ಸಮೀಕ್ಷೆ ಮಾಡಿದ್ದರೆ ಅದರ ವರದಿ. ಕಾರ್ಯಕ್ರಮ ಸಲಹಾ ಸಮಿತಿ ಇದ್ದರೆ ಸದಸ್ಯರ ಪಟ್ಟಿ, ಕೊನೆಯ ಮೂರು ಸಭೆಯ ನಡಾವಳಿ. ನಿಮ್ಮ ಮೂರು ಪತ್ರಗಳು ಆವಕ ವಹಿಯಲ್ಲಿ ದಾಖಲಾದ ದಿನಾಂಕ, ಅವುಗಳ ಮೇಲೆ ತೆಗೆದುಕೊಂಡ ಕ್ರಮದ ಟಿಪ್ಪಣಿಯ ಪ್ರತಿ. ಮೂವತ್ತು ದಿನ ಕಾಯಿರಿ. ಬರಲಿಲ್ಲ ಅಂದರೆ ಅಲ್ಲೇ ಮೇಲ್ಮನವಿ.

ಸಮಿತಿ ಇಲ್ಲ ಅಂತ ಉತ್ತರ ಬಂದರೆ ಆ ಕಾಗದದ ಜೆರಾಕ್ಸ್ ಒಂದನ್ನು ನಿಮ್ಮ ಸಂಸದರಿಗೆ ಕೊಡಿ, ಇನ್ನೊಂದನ್ನು ನನಗೆ ಕಳಿಸಿ. ಹಾಗೇ ಆ ರೇಡಿಯೋಗೆ ಸೆಲ್ ಹಾಕೋದು ಬಿಡಬೇಡಿ, ಹಸುಗಳಿಗೂ ಅಭ್ಯಾಸ ಆಗಿರುತ್ತದೆ.